ಅಜ್ಜನ ಎಕ್ಸ್‌ರೇ ಯಾರೂ ನೋಡಲಿಲ್ಲ

ನನ್ನ ಅಜ್ಜ ಗುತ್ತ್ಯಪ್ಪ ಸತ್ತಿದ್ದು ನನ್ನಿಂದ ಎಂದು ಹೇಳುವವರು ನಮ್ಮೂರಿನಲ್ಲಿ ಈಗಲೂ ಇದ್ದಾರೆ. ಮೊದಲಿನಷ್ಟು ಜನ ಇಲ್ಲ. ಆದರೆ ಅವರು ಕಡಿಮೆಯಾದದ್ದು ವಯಸ್ಸಾಗಿ ಸತ್ತು, ತಪ್ಪು ತಿಳಿದು ತಿದ್ದಿಕೊಂಡಲ್ಲ. ಹೋದ ವರ್ಷ ಒಂದು ಮದುವೆ ಮನೆಯಲ್ಲಿ ನನ್ನ ಅರ್ಧ ವಯಸ್ಸಿನ ಹೆಂಗಸೊಬ್ಬಳು ಪಕ್ಕದವಳಿಗೆ ನನ್ನನ್ನು ತೋರಿಸಿ, "ಇವ್ರೇ ನೋಡೇ. ಇವ್ರ ಕಾಯ್ಲೆ ಅಜ್ಜ ತಗಂಡು ಸತ್ತಿದ್ದು. ಮೊಮ್ಮಗಳ ಮೇಲೆ ಅಷ್ಟು ಜೀವ ಅವ್ನಿಗೆ" ಎಂದಳು. ನನ್ನ ಎಡಗಿವಿ ಕೇಳುವುದಿಲ್ಲ. ಅವಳ ದುರದೃಷ್ಟ, ಬಲಗಡೆ ಕೂತಿದ್ದಳು.

ಅವಳಿಗೆ ಅಲ್ಲೇ ನಾಲ್ಕು ಮಾತು ಹೇಳಿದೆ. ಸಾಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಷಯ ಬಂದವರು ಇವತ್ತಿಗೂ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂರುವುದನ್ನು ನೋಡಿದ್ದೇನೆ. ನಾನೂ ಹಾಗೆ ಕೂತವಳು. ಇದು ಅವರಿಗೆ. ಊರಿನವರು ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ಅಜ್ಜ ಗರಗಸದ ಕೆಲಸದವನು. ಗೇಣಿಗೆ ಮಾಡುವ ಎರಡು ತುಂಡು ಗದ್ದೆ ಇದ್ದವು. ನಟ್ಟಿ, ಕೊಯ್ಲು ಬಿಟ್ಟರೆ ವರ್ಷವಿಡೀ ಗರಗಸ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆಗ ಎದ್ದ ದೊಡ್ಡ ಮನೆಗಳ ತೊಲೆ, ಜಂತಿ, ಬಾಗಿಲುಗಳಲ್ಲಿ ಎಷ್ಟನ್ನು ಅಜ್ಜ ಸೀಳಿದ್ದಾನೋ ಅವನಿಗೇ ಲೆಕ್ಕ ಇರಲಿಲ್ಲ. ಈಗಿನವರಿಗೆ ಆ ಕೆಲಸ ಗೊತ್ತಿಲ್ಲ. ಆಳುದ್ದದ ಗುಂಡಿ ತೋಡಿ, ಅದರ ಮೇಲೆ ಅಡ್ಡಮರ ಇಟ್ಟು ದಿಮ್ಮಿ ಹೇರುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಿಂತು ಗರಗಸದ ಒಂದು ತುದಿ ಹಿಡಿಯಬೇಕು. ಇನ್ನೊಬ್ಬ ಗುಂಡಿಯೊಳಗೆ ನಿಂತು ಇನ್ನೊಂದು ತುದಿ ಎಳೆಯಬೇಕು. ಮೇಲಿನವನ ಕಣ್ಣಿಗೆ ಮಸಿದಾರದಿಂದ ಎಳೆದ ಗೆರೆ ಕಾಣುತ್ತದೆ. ಕೆಳಗಿನವನ ಕಣ್ಣು, ಮೂಗು, ಬಾಯಿಗೆ ಹೊಟ್ಟು ಸುರಿಯುತ್ತದೆ. ಅಜ್ಜ ನಲವತ್ತು ವರ್ಷ ಕೆಳಗಿನ ಆಳು. ಮೇಲಿನ ಆಳು ಪಕ್ಕದ ಮನೆಯ ಬೀರಪ್ಪ.

ಅಜ್ಜ ಸಂಜೆ ಮನೆಗೆ ಬಂದರೆ ರೆಪ್ಪೆಯ ಕೂದಲೂ ಹಳದಿ. ತಲೆ ಕೊಡವಿಕೊಂಡು, ಕೆಮ್ಮಿ, ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದ. ಬೀರಪ್ಪ ಜಗಲಿಯಲ್ಲಿ ಕೂತು ನಗೆ ಮಾಡುತ್ತಿದ್ದ. "ಎಂತದಾ ಗುತ್ತ್ಯಾ, ಇವತ್ತು ಎಷ್ಟು ಸೇರು ಹೊಟ್ಟು ತಿಂದಿ?"

"ನೀ ಗೆರೆ ತಪ್ಪಿಸಿ ಕುಯ್ದಷ್ಟೂ ನಾ ತಿಂದೆ, ಬೋಳಿಮಗನೆ" ಎನ್ನುತ್ತಿದ್ದ ಅಜ್ಜ.

ನನ್ನ ಅಪ್ಪ ನಾನು ಮೂರು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಅಜ್ಜ, ಅವ್ವ, ನಾನು, ಚಿಕ್ಕಪ್ಪ, ಚಿಕ್ಕಮ್ಮ, ಅವರ ಸಣ್ಣ ಮಕ್ಕಳು. ಹೆಣ್ಣುಹುಡುಗಿಗೆ ನಾಲ್ಕನೇ ಕ್ಲಾಸು ಸಾಕು ಎಂದು ಚಿಕ್ಕಪ್ಪ ಅಂದಾಗ ಅಜ್ಜ ಹೇಳಿದ ಮಾತು ಅವ್ವ ಸಾಯುವವರೆಗೂ ಹೇಳುತ್ತಿದ್ದಳು: "ನಾ ಜನ್ಮ ಪೂರ್ತಿ ಕೆಳಗೆ ನಿಂತೆ. ಕೆಳಗೆ ನಿಂತವನಿಗೆ ಗೆರೆ ಕಾಣಲ್ಲ. ಇವ್ಳು ಮೇಲೆ ಹತ್ಲಿ." ಹತ್ತಿದೆ. ಹೈಸ್ಕೂಲು ಮುಗಿಸಿ ಸಾಗರದಲ್ಲಿ ಕಾಲೇಜು ಸೇರಿದೆ. ಅರವತ್ತರ ದಶಕದಲ್ಲಿ ನಮ್ಮಂಥ ಗೇಣಿ ಮನೆಯ ಹುಡುಗಿ ಬಿ.ಎ. ಓದುವುದು ಅಂದರೆ ಜನ ಬಸ್ಸಿನಲ್ಲಿ ತಿರುಗಿ ನೋಡುತ್ತಿದ್ದರು. ನನಗೆ ಆ ನೋಟ ಇಷ್ಟವಿತ್ತು. ಸುಳ್ಳು ಯಾಕೆ ಹೇಳಲಿ.

ಎರಡನೇ ವರ್ಷದಲ್ಲಿ ಕೆಮ್ಮು ಶುರುವಾಯಿತು. ಆಮೇಲೆ ಸಂಜೆ ಜ್ವರ. ರವಿಕೆಗಳು ಸಡಿಲವಾದವು. ನಾನು ಓದಿನ ಆಯಾಸ ಅಂದುಕೊಂಡೆ. ಒಂದು ಬೆಳಿಗ್ಗೆ ಹಾಸ್ಟೆಲಿನ ಬಚ್ಚಲಿನಲ್ಲಿ ಉಗಿದಾಗ ರಕ್ತ ಬಂತು. ಮೇಲೆ ನೀರು ಸುರಿದೆ. ಯಾರಿಗೂ ಹೇಳಲಿಲ್ಲ. ಮೂರನೇ ಸಲ ಪಕ್ಕದ ಕೋಣೆಯ ಹುಡುಗಿ ನೋಡಿಬಿಟ್ಟಳು. ಮಧ್ಯಾಹ್ನದೊಳಗೆ ನನ್ನ ಹಾಸಿಗೆ, ಟ್ರಂಕು, ತಟ್ಟೆ ಅಂಗಳದಲ್ಲಿದ್ದವು. ವಾರ್ಡನ್ ಕಿಟಕಿಯ ಒಳಗಿನಿಂದಲೇ ಮಾತಾಡಿದರು. "ನೋಡಮ್ಮ, ಬೇರೆ ಹೆಣ್ಮಕ್ಕಳ ಜವಾಬ್ದಾರಿ ನಮ್ಮ ಮೇಲಿದೆ." ನನ್ನ ಜವಾಬ್ದಾರಿ ಯಾರ ಮೇಲಿದೆ ಎಂದು ಕೇಳಿದೆ. ಕಿಟಕಿ ಹಾಕಿದರು. ಪಾಪ, ಅವರಿಗೆ ಭಯವಿತ್ತು ಎಂದು ಈಗ ದೊಡ್ಡ ಮನಸ್ಸು ಮಾಡಿ ಬರೆಯಬಹುದು. ಬರೆಯುವುದಿಲ್ಲ. ಬಿಸಿಲಲ್ಲಿ ಟ್ರಂಕಿನ ಮೇಲೆ ನಾಲ್ಕು ಗಂಟೆ ಕೂತವಳು ನಾನು.

ಸುದ್ದಿ ಮುಟ್ಟಿ ಅಜ್ಜ ಬಂದ. ಟ್ರಂಕು ಹೆಗಲಿಗೇರಿಸಿದ. "ಎಂತ ಆತು ಬಂಗಾರಿ?" ಎಂದ. ನನ್ನ ಹೆಸರು ಬಂಗಾರಮ್ಮ. ರಕ್ತ ಬಂದದ್ದನ್ನು ಹೇಳಿದೆ. ಅಜ್ಜ ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ನಡಿ, ಡಾಕ್ಟ್ರ ಹತ್ರ ಹೋಗೂದೇ ಸೈ."

ಪೇಟೆಯ ಡಾಕ್ಟರು ಬೆನ್ನು ತಟ್ಟಿ, ಕೊಳವೆ ಇಟ್ಟು ಕೇಳಿ, ಶಿವಮೊಗ್ಗಕ್ಕೆ ಎಕ್ಸ್‌ರೇಗೆ ಕಳಿಸಿದರು. ಆ ಫಿಲ್ಮು ತಂದು ತೋರಿಸಿದ ದಿನ ಅವರು ಒಂದು ಪ್ರಶ್ನೆ ಕೇಳಿದರು. "ಮನೇಲಿ ಯಾರಿಗಾದ್ರೂ ಹಳೇ ಕೆಮ್ಮು ಇದೆಯೇನಪ್ಪ?"

ಅಜ್ಜ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ಇಲ್ಲ ಸ್ವಾಮಿ" ಎಂದ. ಅನ್ನುತ್ತಲೇ ಕೆಮ್ಮಿದ.

"ಮತ್ತೆ ಇದೇನು?"

"ಇದು ಗರಗಸದ ಕೆಮ್ಮು. ಹೊಟ್ಟಿಂದು. ನಲವತ್ತು ವರ್ಷ ಆತು."

ಡಾಕ್ಟರಿಗೆ ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಬಿಟ್ಟರು. ನಾನೂ ಬಿಟ್ಟೆ. ಅಜ್ಜನ ಕೆಮ್ಮು ನಮಗೆ ಕೆಮ್ಮಾಗಿ ಕೇಳಿಸುತ್ತಲೇ ಇರಲಿಲ್ಲ. ಅಂಗಳದಲ್ಲಿ ಕೆಮ್ಮು ಕೇಳಿದರೆ ಅವ್ವ ಅನ್ನಕ್ಕೆ ತಟ್ಟೆ ಹಾಕುತ್ತಿದ್ದಳು, ಅಷ್ಟೇ.

ಮನೆಗೆ ಬಂದ ಮೇಲೆ ನನ್ನನ್ನು ಒಳಗೆ ಬಿಡಲಿಲ್ಲ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ನನ್ ಮಕ್ಕಳು ಸಣ್ಣವು ಅಕ್ಕಾ" ಎಂದು ಅವ್ವನಿಗೆ ಹೇಳಿದಳೇ ಹೊರತು ನನ್ನ ಮುಖ ನೋಡಲಿಲ್ಲ. ಕೊಟ್ಟಿಗೆಯ ಆಚೆ ಹಲಗೆ, ಹತ್ಯಾರ ಇಡುವ ಗುಡಿಸಲು ಇತ್ತು. ಅಲ್ಲಿ ಚಾಪೆ ಬಿತ್ತು. ಊಟಕ್ಕೆ ಅಡಿಕೆ ಹಾಳೆ, ಉಂಡು ಸುಡಬೇಕು. ನೀರಿಗೆ ತೆಂಗಿನ ಚಿಪ್ಪು. ಅವ್ವ ದೂರದಿಂದ ಬಡಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ವಿಧವೆಗೆ ಆ ಮನೆಯಲ್ಲಿ ಅಷ್ಟೇ ಅಧಿಕಾರ. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳಬೇಕು. ಇತ್ತು. ಅಜ್ಜನೊಬ್ಬನೇ ಅವತ್ತು ಸಂಜೆ ತನ್ನ ಕಂಬಳಿ ಎತ್ತಿಕೊಂಡು ಬಂದು ಗುಡಿಸಲಿನ ಇನ್ನೊಂದು ಮೂಲೆಯಲ್ಲಿ ಹಾಸಿದ.

"ನೀ ಯಾಕೆ ಬಂದ್ಯಾ?"

"ಒಳಗೆ ಸೆಕೆ" ಎಂದ. ಆಗ ಚಳಿಗಾಲ.

ಊರು ಹಾಡಿ ಹೊಗಳಿತು. ಮಗ ಸೊಸೆ ಬಿಟ್ಟು ಕಾಯಿಲೆಯವಳ ಜೊತೆ ಮಲಗುತ್ತಾನಲ್ಲ, ಎಂಥಾ ಜೀವ! ಚಿಕ್ಕಪ್ಪನ ಮಕ್ಕಳು ಓಡಿ ಬಂದರೆ ಅಜ್ಜ ಕೋಲು ತೋರಿಸಿ ಅಟ್ಟುತ್ತಿದ್ದ. ಮೊದಲು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದವನು. "ಮಾವಂಗೆ ಈಗ ನಮ್ ಮಕ್ಕಳು ಬ್ಯಾಡ" ಎಂದು ಚಿಕ್ಕಮ್ಮ ಗೊಣಗಿದಳು.

ದಿನಕ್ಕೊಂದು ಸೂಜಿ, ತೊಂಬತ್ತು ದಿನ. ಬಸ್ಸು ಸಿಗುವ ದಾರಿಗೆ ಎರಡು ಮೈಲಿ ನಡೆಯಬೇಕು. ಅಜ್ಜ ಮುಂದೆ, ನಾನು ಹಿಂದೆ. ಅಜ್ಜನೂ ನಿಂತು ನಿಂತು ನಡೆಯುತ್ತಿದ್ದ. ನನಗಾಗಿ ನಿಲ್ಲುತ್ತಾನೆ ಅಂದುಕೊಂಡಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ನಮಗೆ ಜಾಗಕ್ಕೆ ಎಂದೂ ತೊಂದರೆಯಾಗಲಿಲ್ಲ. ನಾವು ಕೂತರೆ ಉಳಿದವರು ಏಳುತ್ತಿದ್ದರು. ಒಬ್ಬಾಕೆ ವರದಹಳ್ಳಿಗೆ ಹೋಗಿ ತೀರ್ಥ ಕುಡಿಸಿ ಎಂದಳು. ಇನ್ನೊಬ್ಬ ಗಡ್ಡದ ಮುದುಕ, "ಹೆಣ್ಮಕ್ಕಳು ಪುಸ್ತಕ ಓದಿ ಓದಿ ರಕ್ತ ಸುಟ್ಟುಹೋಗಿ ಹಿಂಗಾಗೂದು" ಎಂದ. "ಹಂಗಾರೆ ನೀವು ನೂರು ವರ್ಷ ಬದುಕ್ತೀರಿ ಬಿಡಿ" ಎಂದೆ. ಅಜ್ಜ ನಗು ತಡೆಯಲಾರದೆ ಕೆಮ್ಮಿದ.

ಅಲ್ಲಿ ಒಬ್ಬ ನರ್ಸ್ ಇದ್ದರು, ಕರಾವಳಿ ಕಡೆಯವರು. ಗಾಜಿನ ಸಿರಿಂಜು ಕುದಿಯುವ ನೀರಿನಿಂದ ಎತ್ತುತ್ತಾ ಮೊದಲನೇ ದಿನವೇ ಕೇಳಿದರು: "ಎಂತ ಓದುದು ನೀನು?" ಹೇಳಿದೆ. "ಹಾಗಾದ್ರೆ ನಾಳೆಯಿಂದ ಪುಸ್ತಕ ತಾ. ಗೋಡೆ ನೋಡಿ ಕೂತ್ರೆ ಕಾಯಿಲೆ ಹೋಗುದಿಲ್ಲ." ಮರುದಿನ ತರಲಿಲ್ಲವೆಂದು ಬೈದರು. ಅದರ ಮರುದಿನದಿಂದ ತಂದೆ. ಆ ತೊಂಬತ್ತು ದಿನಗಳಲ್ಲಿ ನನ್ನನ್ನು ಕಾಯಿಲೆ ಎನ್ನದೆ ಹುಡುಗಿ ಎಂದು ನೋಡಿದ ಎರಡನೇ ವ್ಯಕ್ತಿ ಅವರು. ಬೈಸಿಕೊಳ್ಳುವುದು ಎಷ್ಟು ಹಿತ ಎಂದು ಕ್ಷಯ ಬಂದವರಿಗೇ ಗೊತ್ತು.

ಸೂಜಿಯಿಂದ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ನಡೆದರೆ ನೆಲ ವಾಲುತ್ತಿತ್ತು. ಸೂಜಿ ಮುಗಿದ ಮೇಲೂ ಮಾತ್ರೆಗಳು. ದಿನಕ್ಕೆ ಬೊಗಸೆ ತುಂಬ, ನುಂಗಿದರೆ ಹೊಟ್ಟೆ ತೊಳಸಿ ಬರುತ್ತಿತ್ತು. ಒಂದೂವರೆ ವರ್ಷ ತಪ್ಪಿಸಬಾರದು ಎಂದಿದ್ದರು. ತಪ್ಪಿಸಲಿಲ್ಲ. ಮೊಟ್ಟೆ ತಿನ್ನಬೇಕು ಎಂದಿದ್ದರು. ಕೋಳಿ ಗೂಡಿನ ಮೊಟ್ಟೆಗಳು ಎಲ್ಲಿ ಹೋಗುತ್ತವೆ ಎಂದು ಚಿಕ್ಕಮ್ಮ ಅಂಗಳದಲ್ಲಿ ಗಟ್ಟಿಯಾಗಿ ಕೇಳುತ್ತಿದ್ದಳು. ಅಜ್ಜ, "ಹಾವು ತಿಂತು ಮಾರಾಯ್ತಿ" ಎಂದು ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟು, ಗುಡಿಸಲಿಗೆ ಬಂದು ಬೇಯಿಸಿದ ಮೊಟ್ಟೆ ಸುಲಿದು ನನ್ನ ಕೈಗೆ ಹಾಕುತ್ತಿದ್ದ. ನೀನೂ ಒಂದು ತಿನ್ನು ಎಂದರೆ ತಿನ್ನುತ್ತಿರಲಿಲ್ಲ.

ಆರನೇ ತಿಂಗಳು. ಜ್ವರ ನಿಂತಿತ್ತು, ಮೈ ಸ್ವಲ್ಪ ತುಂಬಿತ್ತು. ಆ ವಾರ ಅಜ್ಜ ಎಲೆಗೆ ಸುಣ್ಣ ಹೆಚ್ಚು ಹಚ್ಚಿ ಬಾಯಿ ಸುಟ್ಟುಕೊಂಡ. ನಾಲಿಗೆ, ಕೆನ್ನೆ ಎಲ್ಲ ಬೊಬ್ಬೆ. ನಾಲ್ಕು ದಿನ ಎಲೆಅಡಿಕೆ ಮುಟ್ಟಲಿಲ್ಲ. ಗಂಜಿ ಕುಡಿದುಕೊಂಡು, ಎಲೆ ಇಲ್ಲದ ಸಂಕಟಕ್ಕೆ ಎಲ್ಲರಿಗೂ ಬೈಯುತ್ತಾ ಇದ್ದ. ನಾಲ್ಕನೇ ದಿನ ಬೆಳಿಗ್ಗೆ ಗುಡಿಸಲಿನ ಹಿಂದೆ ಹಲ್ಲುಜ್ಜಲು ಹೋದೆ. ಅಲ್ಲಿ ಹೊಸ ಹೊಟ್ಟಿನ ರಾಶಿ ಇತ್ತು. ಅದರ ಮೇಲೆ ಉಗುಳು. ಕೆಂಪು.

ನಮ್ಮ ಕಡೆ ಗಂಡಸರ ಉಗುಳು ಕೆಂಪಗೇ ಇರುತ್ತದೆ. ಅಂಗಳ, ಗೋಡೆಯ ಬುಡ, ಬಸ್ಸಿನ ಚಕ್ರ, ಎಲ್ಲ ಕಡೆ ಕೆಂಪು. ಯಾರು ನೋಡುತ್ತಾರೆ? ನಾನು ಹುಟ್ಟಿದಾಗಿನಿಂದ ಅಜ್ಜ ಕೆಂಪು ಉಗಿಯುವುದನ್ನೇ ನೋಡಿದವಳು. ಆದರೆ ನಾಲ್ಕು ದಿನದಿಂದ ಅವನ ಬಾಯಲ್ಲಿ ಎಲೆ ಇರಲಿಲ್ಲ. ಮತ್ತು ಎಲೆಅಡಿಕೆಯ ಕೆಂಪು ಬೇರೆ, ಈ ಕೆಂಪು ಬೇರೆ ಎಂದು ಹಾಸ್ಟೆಲಿನ ಬಚ್ಚಲಿನಲ್ಲಿ ನಾನು ಕಲಿತಿದ್ದೆ.

"ಅಜ್ಜಾ, ಇದು ಎಷ್ಟು ದಿನದಿಂದ?"

ಅಜ್ಜ ಕಾಲಿನಿಂದ ಹೊಟ್ಟು ಎಳೆದು ಅದನ್ನು ಮುಚ್ಚಿದ. "ಬಾಯಿ ಸುಟ್ಟಿದ್ದಲ್ಲನೇ. ಅದ್ರದ್ದು."

"ನಾ ಕಾಲೇಜಿಗೆ ಹೋದವ್ಳು. ನಂಗೆ ಸುಳ್ಳು ಹೇಳ್ಬ್ಯಾಡ."

"ಕಾಲೇಜಲ್ಲಿ ಉಗುಳು ನೋಡೂದು ಕಲಿಸ್ತಾರನೇ?" ಎಂದು ನಗಲು ನೋಡಿದ. ನಾನು ನಗಲಿಲ್ಲ. ಅವನಿಗೆ ನನ್ನ ಮುಖ ನೋಡಿ ಭಯವಾಯಿತು. ನನಗೆ ಅವನ ಭಯ ನೋಡಿ ಭಯವಾಯಿತು.

ಶಿವಮೊಗ್ಗಕ್ಕೆ ಹೋಗಿ ಬಂದೆವು. ಅದೇ ಡಾಕ್ಟರು ನನ್ನ ಫಿಲ್ಮು, ಅಜ್ಜನ ಫಿಲ್ಮು ಎರಡನ್ನೂ ಕಿಟಕಿಗೆ ಹಿಡಿದರು. ನನ್ನದರಲ್ಲಿ ಮೇಲೆ ಒಂದು ಕಡೆ ಹತ್ತಿ ಅಂಟಿದ ಹಾಗೆ. ಅಜ್ಜನದರಲ್ಲಿ ಬಲಗಡೆ ಪೂರ್ತಿ ಹರಿದ ಬಲೆ. ಡಾಕ್ಟರು ಅದನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ಇವತ್ತು ನಿನ್ನೆಯದಲ್ಲಮ್ಮ. ಐದಾರು ವರ್ಷದ್ದಾದ್ರೂ ಇರಬೇಕು. ನಿಂದು ಹೊಸದು." ಕನ್ನಡಕ ತೆಗೆದು ಒರೆಸಿದರು. "ನಾನು ಅವತ್ತೇ ನೋಡಬೇಕಿತ್ತು." ಅಷ್ಟು ಒಪ್ಪಿಕೊಂಡರಲ್ಲ, ಅದಕ್ಕೆ ಅವರ ಮೇಲೆ ನನ್ನ ಸಿಟ್ಟು ಅರ್ಧ. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಬಸ್ಸಿನಲ್ಲಿ ಅಜ್ಜ ಕಿಟಕಿ ಪಕ್ಕ ಕೂತ. ಪೇಟೆ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ, "ಅಂದ್ರೆ ನಾನೇ ನಿಂಗೆ ಕೊಟ್ಟಿದ್ದು. ಅಲ್ಲನೇ?" ಎಂದ.

ಇಲ್ಲ ಅಜ್ಜಾ, ಯಾರಿಂದ ಬಂತೋ ಯಾರಿಗೆ ಗೊತ್ತು ಎನ್ನಬಹುದಿತ್ತು. ಬೇರೆ ಮೊಮ್ಮಕ್ಕಳು ಹಾಗೇ ಅನ್ನುತ್ತಿದ್ದರೇನೋ. ನಾನು "ಹೌದು" ಎಂದೆ.

"ಡಾಕ್ಟ್ರು ಅವತ್ತು ಕೇಳ್ದಾಗ ನಂಗೆ ಅನುಮಾನ ಬಂತು."

"ಬಂದಿದ್ರೆ ಯಾಕೆ ಹೇಳ್ಲಿಲ್ಲ?" ನಾನು ಕೂಗಿರಬೇಕು. ಕಂಡಕ್ಟರ್ ತಿರುಗಿ ನೋಡಿದ.

"ಹೇಳಿದ್ರೆ ನನ್ನೂ ಮೂಲೆಗೆ ಕೂರಿಸ್ತಿದ್ರು. ಬಸ್ಸು ಹತ್ತಾಕೂ ಬಿಡ್ತಿರ್ಲಿಲ್ಲ. ಇಬ್ರೂ ಕಾಯ್ಲೆಯವ್ರಾದ್ರೆ ನಿನ್ನ ದಿನಾ ಸೂಜಿಗೆ ಕರ್ಕಂಡು ಬರೋರು ಯಾರು? ನಿನ್ ಚಿಕ್ಕಪ್ಪನಾ?"

ಆಗ ನನಗೆ ಎಲ್ಲ ಅರ್ಥವಾಯಿತು. ಗುಡಿಸಲಿಗೆ ಕಂಬಳಿ ತಂದದ್ದು. ಸಣ್ಣ ಮಕ್ಕಳಿಗೆ ಕೋಲು ತೋರಿಸಿದ್ದು. ಅವನು ನನ್ನ ಕಾಯಿಲೆಯ ಒಳಗೆ ಬಂದು ಸೇರಿದ್ದಲ್ಲ. ತನ್ನ ಕಾಯಿಲೆಯನ್ನು ಆ ಮಕ್ಕಳಿಂದ ಹೊರಗೆ ತಂದದ್ದು. ನನ್ನ ತೊಂಬತ್ತು ಸೂಜಿ ಮುಗಿಯುವವರೆಗೂ, ಮುಗಿದ ಮೇಲೂ, ತನ್ನ ಎದೆ ಹರಿಯುವುದನ್ನು ಎಲೆಅಡಿಕೆಯ ಬಣ್ಣದಲ್ಲಿ ಮುಚ್ಚಿಕೊಂಡು ಕೂತಿದ್ದ. ಇದನ್ನು ದೊಡ್ಡ ತ್ಯಾಗ ಎನ್ನುವವರು ಎನ್ನಲಿ. ನನಗೆ ಅದು ಮೂರ್ಖತನ. ಅವತ್ತೇ ಬಾಯಿಬಿಟ್ಟಿದ್ದರೆ ಆರು ತಿಂಗಳು ಮೊದಲು ಮದ್ದು ಸಿಗುತ್ತಿತ್ತು. ನಾನು ಒಬ್ಬಳೇ ಬಸ್ಸಿಗೆ ಹೋಗುತ್ತಿದ್ದೆ. ತೆವಳಿಕೊಂಡಾದರೂ ಹೋಗುತ್ತಿದ್ದೆ. ಅವನು ನನ್ನನ್ನು ಕೇಳಲೇ ಇಲ್ಲ.

ಒಂಬತ್ತು ದಿನ ಅವನ ಜೊತೆ ಮಾತು ಬಿಟ್ಟೆ. ಒಂದೇ ಗುಡಿಸಲಿನಲ್ಲಿ. ಅವನು ಮೊಟ್ಟೆ ಸುಲಿದು ಇಟ್ಟರೆ ಅರ್ಧ ಮುರಿದು ಅವನ ಹಾಳೆಗೆ ಹಾಕಿ ತಿರುಗಿ ಕೂರುತ್ತಿದ್ದೆ. ಅವನು ತಿನ್ನುತ್ತಿದ್ದ. ಆ ಒಂಬತ್ತು ದಿನಗಳನ್ನು ವಾಪಸ್ ಕೊಡುವವರು ಯಾರೂ ಇಲ್ಲ.

ಹತ್ತನೇ ದಿನ ಅಜ್ಜ ಜಗಲಿಯ ಎದುರು ಅಂಗಳದಲ್ಲಿ ನಿಂತು ಎಲ್ಲರನ್ನೂ ಕರೆದ. ಚಿಕ್ಕಪ್ಪ, ಚಿಕ್ಕಮ್ಮ, ಅವ್ವ, ಬೀರಪ್ಪ. "ಕೇಳ್ರಿ. ಕಾಯ್ಲೆ ನಂದು. ಮೊದ್ಲಿಂದ ನಂದು. ಆ ಹುಡ್ಗಿ ತಂದದ್ದಲ್ಲ. ನಾನೇ ಅವಳಿಗೆ ಹಚ್ಚಿದ್ದು."

ನನಗೆ ಅಯ್ಯೋ ಅನ್ನಿಸಿತು, ಹಗುರವೂ ಅನ್ನಿಸಿತು. ಮೊದಲು ಬಾಯಿಬಿಟ್ಟವಳು ಚಿಕ್ಕಮ್ಮ. ಅವಳ ಕಣ್ಣಲ್ಲಿ ನೀರು. "ನೋಡ್ರಿ ಮಾವನ್ನ! ಅವ್ಳ ಹೆಸ್ರು ಕೆಡಬಾರ್ದು ಅಂತ ತನ್ ಮೇಲೆ ಹಾಕ್ಕಂತಾನೆ!"

"ದೇವ್ರಂಥ ಮನುಷ್ಯ" ಎಂದ ಬೀರಪ್ಪ.

"ಅಲ್ಲಾ ಮಾರಾಯಾ, ನಾ ಖರೆ ಹೇಳ್ತಿರೂದು!" ಅಜ್ಜ ಕೂಗಿದ. ಕೂಗಿದ್ದಕ್ಕೆ ಕೆಮ್ಮು ಬಂತು. ಕೆಮ್ಮಿದ್ದಕ್ಕೆ ಎಲ್ಲರೂ ನನ್ನ ಕಡೆ ನೋಡಿದರು.

ನಾನು ಗುಡಿಸಲಿಗೆ ಓಡಿಹೋಗಿ ಎರಡು ಫಿಲ್ಮುಗಳನ್ನೂ ತಂದೆ. ಚಿಕ್ಕಪ್ಪನ ಕೈಗೆ ಕೊಟ್ಟೆ. ಇದು ಹಳೆಯದು, ಇದು ಹೊಸದು, ಡಾಕ್ಟರು ಹೀಗೆ ಹೇಳಿದರು ಎಂದೆ. ಚಿಕ್ಕಪ್ಪ ಅಜ್ಜನ ಎದೆಗೂಡನ್ನು ತಲೆಕೆಳಗಾಗಿ ಹಿಡಿದು ನೋಡಿದ. "ಎಂತ ಕಾಣ್ತದೆ ಇದ್ರಾಗೆ? ಹೊಗೆ." ಬೀರಪ್ಪನಿಗೆ ಕೊಡಲು ಹೋದ. ಬೀರಪ್ಪ ಕೈ ಹಿಂದೆ ಕಟ್ಟಿಕೊಂಡ. ಮುಟ್ಟಿದರೆ ಅಂಟುತ್ತದೇನೋ ಎಂದು. ಚಿಕ್ಕಮ್ಮ, "ಓದಿದವ್ರು ಕಾಗದ ತೋರ್ಸಿ ಎಂತ ಬೇಕಾದ್ರೂ ಹೇಳ್ತಾರೆ" ಎಂದಳು. "ಮುದುಕನ ಬಾಯಲ್ಲಿ ಸುಳ್ಳು ಹೇಳ್ಸೂಕೆ ನಾಚ್ಕೆ ಇಲ್ಲನೇ ನಿಂಗೆ?"

ನನಗೆ ಇವತ್ತಿಗೂ ಮೈ ಉರಿಯುವುದು ಇದಕ್ಕೇ. ಅವರಿಗೆ ತಿಳಿಯಲಿಲ್ಲ ಎಂದಲ್ಲ. ಅವರಿಗೆ ಒಂದು ಚಂದದ ಕಥೆ ಸಿಕ್ಕಿತ್ತು: ಪೇಟೆಗೆ ಹೋಗಿ ರೋಗ ತಂದ ಹುಡುಗಿ, ಅವಳಿಗಾಗಿ ಸಾಯಲು ಹೊರಟ ಅಜ್ಜ. ಅದರಲ್ಲಿ ಅಜ್ಜನ ಮಾತಿಗೂ ಜಾಗ ಇರಲಿಲ್ಲ.

ಅಜ್ಜನಿಗೂ ಸೂಜಿ ಶುರುವಾಯಿತು. ಈಗ ನಾನು ಮುಂದೆ, ಅವನು ಹಿಂದೆ. ನಿಂತು ನಿಂತು ಹೋಗುತ್ತಿದ್ದೆವು. ಆ ಸೂಜಿ ಅವನಿಗೆ ಕಿವಿಗಿಂತ ಹೆಚ್ಚು ಕಾಲಿಗೆ ತಗುಲಿತು. ಬಯಲಿನಲ್ಲೂ ಕಂಬ ಹಿಡಿಯುವವನಂತೆ ಕೈ ಚಾಚುತ್ತಿದ್ದ. ಮಾತ್ರೆ ನುಂಗಿ ವಾಂತಿ ಮಾಡಿಕೊಂಡು ಮತ್ತೆ ನುಂಗುತ್ತಿದ್ದ. "ಹೊಟ್ಟಿಗಿಂತ ರುಚಿ ಐತೆ" ಎನ್ನುತ್ತಿದ್ದ. ನಾನು ಪೂರ್ತಿ ಗುಣವಾದೆ ಎಂದು ಡಾಕ್ಟರು ಬರೆದುಕೊಟ್ಟ ದಿನ ಆ ಚೀಟಿಯನ್ನು ನನ್ನಿಂದ ಮೂರು ಸಲ ಓದಿಸಿದ. ಆ ಚೀಟಿ ಹಿಡಿದು ಕಾಲೇಜಿಗೆ ಹೋದೆ. ಹಾಸ್ಟೆಲ್ ಸೇರಿಸಿಕೊಳ್ಳಲಿಲ್ಲ. ಇಕ್ಕೇರಿ ರಸ್ತೆಯಲ್ಲಿ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ಬಿಟ್ಟ ಓದು ಮುಗಿಸಿದೆ. ಅವ್ವ ವಾರಕ್ಕೊಮ್ಮೆ ಅಕ್ಕಿ ತಂದುಕೊಡುತ್ತಿದ್ದಳು. ಅಜ್ಜ ಗುಡಿಸಲಿನಲ್ಲಿ ಒಬ್ಬನೇ. ತಡವಾಗಿ ಸಿಕ್ಕ ಮದ್ದು ಅವನ ಹರಿದ ಎದೆಯನ್ನು ಕೂಡಿಸಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಆರು ದಿನ ಇರುವಾಗ ಹೇಳಿಕಳಿಸಿದರು. ಬೆಳಗಿನ ಬಸ್ಸಿಗೆ ಹೋದೆ. ಗುಡಿಸಲಿನಿಂದ ಅಜ್ಜನನ್ನು ಜಗಲಿಗೆ ತಂದು ಮಲಗಿಸಿದ್ದರು. ಸಾಯುವವನಿಗೆ ಈಗ ಮನೆಯಲ್ಲಿ ಜಾಗ ಸಿಕ್ಕಿತ್ತು. ಉಸಿರು ಗರಗಸ ಎಳೆದ ಹಾಗೆ ಬರುತ್ತಿತ್ತು, ಆದರೆ ಪ್ರಜ್ಞೆ ಇತ್ತು. ಅಂಗಳದ ತುಂಬ ಜನ. ಒಬ್ಬೊಬ್ಬರಾಗಿ ಬಂದು ಚಮಚದಲ್ಲಿ ಬಾಯಿಗೆ ನೀರು ಬಿಡುತ್ತಿದ್ದರು. ಚಿಕ್ಕಪ್ಪನ ಸಣ್ಣ ಮಕ್ಕಳೂ ಬಿಟ್ಟವು.

ನಾನು ಮೆಟ್ಟಿಲಿಗೆ ಕಾಲಿಟ್ಟಾಗ ಚಿಕ್ಕಪ್ಪ ಅಡ್ಡ ಬಂದ. "ನೀ ಬ್ಯಾಡ. ನೀ ಕೊಟ್ಟಿದ್ದೇ ಸಾಕು ಅವ್ನಿಗೆ."

"ದಾರಿ ಬಿಡು ಚಿಕ್ಕಪ್ಪ."

"ಬಿಡಲ್ಲ."

ಅವ್ವ ಬಾಗಿಲ ಹಿಂದೆ ಅಳುತ್ತಿದ್ದಳು. ಬೀರಪ್ಪ ಎದ್ದು ಬಂದ. ಹಿರಿಯ; ಅವನ ಮಾತನ್ನು ಚಿಕ್ಕಪ್ಪ ಮೀರುವಂತಿರಲಿಲ್ಲ. ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದ. "ನೋಡು ತಂಗಿ, ಹೋಗೋ ಜೀವ. ಜಗಳ ಬ್ಯಾಡ. ಅಜ್ಜನ ಕಾಲು ಮುಟ್ಟಿ, ನನ್ನಿಂದ ಹಿಂಗಾತು, ತಪ್ಪಾತು ಅಂತ ಒಂದು ಮಾತು ಅಂದ್ಬಿಡು. ನೀರು ಬಿಡೂಕೆ ನಾ ಹೇಳ್ತೀನಿ ಇವ್ರಿಗೆ."

ಸಾಯುವವರ ಜೊತೆ ಮನಸ್ತಾಪ ಇದ್ದವರು ನೀರು ಬಿಡುವ ಮೊದಲು ತಪ್ಪೊಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಚಿಕ್ಕಪ್ಪನೂ ಒಂದು ಹೆಜ್ಜೆ ಹಿಂದೆ ಸರಿದ. ಇಡೀ ಅಂಗಳ ನನ್ನ ಬಾಯಿ ನೋಡುತ್ತಿತ್ತು. ಮೂರೇ ಪದ. ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ. ನನಗೂ ನೀರು ಬಿಡುವ ಆಸೆ ಎಷ್ಟಿತ್ತು ಎಂದು ಬರೆದರೆ ನಾಚಿಕೆಯಾಗುತ್ತದೆ. ನಾಲಿಗೆಯ ತುದಿಗೆ ಬಂದಿತ್ತು.

ಅಜ್ಜ ಕತ್ತು ಹೊರಳಿಸಿ ನನ್ನನ್ನು ನೋಡಿದ. ಎಷ್ಟೋ ಹೊತ್ತು ಉಸಿರು ಕೂಡಿಸಿಕೊಂಡ.

"ಹೇಳ್ಬ್ಯಾಡ" ಎಂದ.

ಮತ್ತೆ ಮಾತಾಡಲಿಲ್ಲ. ಅದೇ ಕೊನೆಯದು.

ನಾನು ಹೇಳಲಿಲ್ಲ. ಮೆಟ್ಟಿಲಿನಿಂದ ಕಾಲು ಕೆಳಗೆ ತೆಗೆದುಕೊಂಡೆ. ಅಲ್ಲೇ ಅಂಗಳದಲ್ಲಿ, ಅವನ ಕಣ್ಣಿಗೆ ಕಾಣುವ ಜಾಗದಲ್ಲಿ ನಿಂತುಕೊಂಡೆ. ಬಿಸಿಲು ಏರಿತು. ನಡುಮಧ್ಯಾಹ್ನದ ಹೊತ್ತಿಗೆ ಅಜ್ಜ ಹೋದ. ನನ್ನ ಕೈಯ ನೀರು ಅವನ ಬಾಯಿಗೆ ಬೀಳಲಿಲ್ಲ. ನನ್ನ ಹಿಂದೆ ನಿಂತ ಹೆಂಗಸರು ಆಗಲೇ ಮಾತಾಡಿಕೊಳ್ಳುತ್ತಿದ್ದರು: "ಕೇಳ್ಸ್ತಾ? ಅವ್ಳು ತಪ್ಪಾತು ಅನ್ನೂದೂ ಬ್ಯಾಡ ಅಂದ. ಅಷ್ಟು ದೊಡ್ಡ ಮನಸು. ಆ ಹುಡ್ಗಿ ನೋಡು, ಕಲ್ಲು ನಿಂತ ಹಾಗೆ ನಿಂತದೆ."

ಅದನ್ನೂ ಅವರು ಹಾಗೇ ಮಾಡಿಕೊಂಡರು. ನಾನು ತಿದ್ದಲು ಹೋಗಲಿಲ್ಲ. ನನಗೆ ಅಂದದ್ದು ನನಗೆ ಮುಟ್ಟಿತ್ತು.

ಇದನ್ನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಮನೆಯಲ್ಲಿ ಯಾರಿಗೆ ಕೆಮ್ಮು ಎಂದು ಕೇಳಿದರೆ ಇಲ್ಲ ಅನ್ನಬೇಡಿ. ಅಜ್ಜ ಅನ್ನುತ್ತಿದ್ದರೆ ಅವನ ಬಾಯಿ ಮುಚ್ಚಿಸಿ ನೀವು ಹೇಳಿ. ಪ್ರೀತಿಯವರನ್ನು ಅನುಮಾನದಿಂದ ನೋಡಿ. ಮತ್ತೆ, ನಿಮ್ಮಿಂದಾಯಿತು ಎಂದು ಯಾರಾದರೂ ಒಪ್ಪಿಸಲು ಬಂದರೆ, ಅವರು ಎಷ್ಟೇ ಮೆತ್ತಗೆ ಮಾತಾಡಿದರೂ, ಒಪ್ಪಬೇಡಿ.

ಸೂತಕ ಕಳೆಯುವ ಮುಂಚೆಯೇ ಸಾಗರದ ಬಸ್ಸು ಹತ್ತಿದೆ. ಅಜ್ಜನ ಹನ್ನೊಂದನೇ ದಿನಕ್ಕೂ ನಿಲ್ಲದವಳು ಎಂದು ಅದಕ್ಕೂ ಬೈದರು. ಅವ್ವ ದಾರಿಯವರೆಗೂ ಬಂದಳು. ಈ ಸಲ ದೂರ ನಿಲ್ಲಲಿಲ್ಲ. ನನ್ನ ಕೈ ಹಿಡಿದು ಬಸ್ಸಿಗೆ ಹತ್ತಿಸಿದಳು. ಮೊದಲನೇ ದಿನ ಇತಿಹಾಸದ ಪತ್ರಿಕೆ. ಮೂರು ಗಂಟೆ ಬರೆದೆ. ಹೆಚ್ಚಿನ ಹಾಳೆ ಕೇಳಿ ತೆಗೆದುಕೊಂಡು ಬರೆದೆ. ಪಾಸಾದೆ.